ರಾವಸಾಹೇಬರ ಕ್ರಿಯಾಪದ

ಕಳೆದ ವಾರ ಬಾಗಲಕೋಟೆಯಲ್ಲಿ ಕೋರ್ಟು ಬೇಗ ಎದ್ದಿತು. ಘಟಪ್ರಭೆಯ ಕಡೆಗೆ ಅಡ್ಡಾಡಿ ಬರೋಣವೆಂದು ಹೊರಟವನು ಒಂದು ಓಣಿಯ ಬಾಯಿಯಲ್ಲಿ ನಿಂತುಬಿಟ್ಟೆ. ಸುಣ್ಣ, ಹುಳಿತ ಬೆಲ್ಲ, ನೆನೆದು ಕೊಳೆತ ತಗಚಿ ಬೀಜ. ನೂಲಿಗೆ ಹಾಕುವ ನೀಲಿಬಣ್ಣ ಹುದುಗೇಳುವಾಗ ಬರುವ ವಾಸನೆ. ಜೊತೆಗಿದ್ದ ವಕೀಲ ಮಿತ್ರರು ಧೋತರದ ಚುಂಗನ್ನು ಮೂಗಿಗೆ ಒತ್ತಿಕೊಂಡು, “ಏನ್ ಹೊಲಸು ನಾತರೀ ಇದು! ಊರ ಹೊರಗ ಹಾಕಬೇಕು ಇವ್ರನ್ನ” ಎಂದರು.

ನನಗೆ ಆ ಮಾತು ಹೊಸದಲ್ಲ. ಮುಂಬಯಿಯ ಕೌನ್ಸಿಲ್ಲಿಗೆ ನಮ್ಮ ಕಡೆಯಿಂದ ಒಬ್ಬ ಮೆಂಬರನನ್ನು ಆರಿಸಿ ಕಳಿಸಿದ ವರ್ಷ, ಇಳಕಲ್ಲಿನಲ್ಲಿ, ಇದೇ ಮಾತನ್ನು ಕಾಗದದ ಮೇಲೆ ಬರೆದು ಕೆಳಗೆ ಠಸ್ಸೆ ಒತ್ತಿದ್ದರು. ಆ ವರ್ಷ ಮುಂಗಾರಿನಿಂದ ಹಿಂಗಾರಿನವರೆಗೆ, ಹೊಲಸು ಎಂದರೆ ಏನೆಂಬುದನ್ನು ನಾನು ಬಹಳ ಹತ್ತಿರದಿಂದ ನೋಡಿದೆ. ಅದು ಇಸ್ತ್ರಿ ಮಾಡಿದ ಕೋಟು ತೊಟ್ಟಿತ್ತು. ಅದರ ಮೈಯಿಂದ ಅತ್ತರಿನ ಪರಿಮಳ ಬರುತ್ತಿತ್ತು.

ಆ ಕೋಟಿನೊಳಗಿದ್ದವರ ಹೆಸರು ಸಂಗನಬಸಪ್ಪ. ಹುನಗುಂದದ ಕಡೆಯ ಗೌಡಕಿ ಮನೆತನ. ಊರೆಲ್ಲ ರಾವಸಾಹೇಬರು ಅನ್ನುತ್ತಿತ್ತು. ಅದು ಸರಕಾರ ಕೊಟ್ಟ ಬಿರುದಲ್ಲ. ಅವರ ಕಾರಕೂನ ವಾಮನರಾಯ ಒಂದು ದಿನ ತಲಬಾಗಿಲ ಮೇಲೆ ಹಾಗೆಂದು ಬರೆದ ಹಲಗೆ ಹೊಡೆದ. ಯಾರೂ ಏನೂ ಕೇಳಲಿಲ್ಲ. ಎರಡು ವರ್ಷದಲ್ಲಿ ಟಪಾಲಿನವನೂ ಹಾಗೆಯೇ ಕೂಗತೊಡಗಿದ. ಅವರ ಉಳಿದ ಏಳಿಗೆಯೂ ಇದೇ ರೀತಿಯದು. ಮೊದಲು ಮಾವನ ಕೃಪೆಯಿಂದ ತಾಲೂಕು ಬೋರ್ಡು. ಅಲ್ಲಿ ಮೂರು ವರ್ಷ ಅವರು ಬಾಯಿ ತೆರೆದದ್ದು ಎಲೆಯಡಿಕೆಗೆ ಮಾತ್ರ. ಹೀಗಾಗಿ ಯಾರ ವೈರವೂ ಹುಟ್ಟಲಿಲ್ಲ. ಹೀಗಾಗಿ ಜಿಲ್ಲಾ ಬೋರ್ಡು. ಅಲ್ಲಿ ಎರಡು ಪಂಗಡಗಳು ಹೊಡೆದಾಡುತ್ತಿದ್ದವು. ಇವರು ಎರಡರ ಮನೆಯ ಊಟಕ್ಕೂ ಹೋದರು, ಹೀಗಾಗಿ ಉಪಾಧ್ಯಕ್ಷರಾದರು. ಈಗ ಕೌನ್ಸಿಲ್ಲು. ಸಾರ್ವಜನಿಕ ಜೀವನದಲ್ಲಿ ಮೇಲೆ ಬರಲು ವಿದ್ಯೆ, ಧೈರ್ಯ, ಪ್ರಾಮಾಣಿಕತೆ ಬೇಕೆಂದು ಧಾರವಾಡದ ಕಾಲೇಜಿನಲ್ಲಿ ನಾನು ಒಮ್ಮೆ ಅರ್ಧ ಗಂಟೆ ವಾದ ಮಾಡಿ ಬೆಳ್ಳಿಯ ಕಪ್ಪು ಗೆದ್ದಿದ್ದೆ. ಆ ಕಪ್ಪನ್ನು ನ್ಯಾಯವಾಗಿ ವಾಪಸು ಕೊಡಬೇಕು.

ವಿದ್ಯೆ ಎಂದರೆ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಎದ್ದು ಬಂದಿದ್ದರು. ಧೈರ್ಯದ ವಿಷಯ, ಮನೆಯ ಎಮ್ಮೆ ಹಗ್ಗ ಹರಿದುಕೊಂಡರೆ ಅಟ್ಟ ಹತ್ತುತ್ತಿದ್ದರು. ಮೂರನೆಯದರ ವಿಷಯ ಈ ಬರಹವೇ ಇದೆ. ಹಾಗಾದರೆ ಬಂಡವಾಳ ಯಾವುದು? ಒಂದೇ ಒಂದು ಕ್ರಿಯಾಪದ. ಆತು.

ದೂರದ ಊರಿನ ಓದುಗರಿಗಾಗಿ ಸ್ವಲ್ಪ ವ್ಯಾಕರಣ. ಆಯಿತು ಎಂಬುದನ್ನು ನಾವು ಆತು ಅನ್ನುತ್ತೇವೆ. ಕೆಲಸ ಮುಗಿದರೂ ಆತು, ಒಪ್ಪಿಕೊಂಡರೂ ಆತು, ಮಾತು ಬೇಸರವಾಗಿ ಎದ್ದು ಹೋಗುವಾಗಲೂ ಆತು. ಉಳಿದ ಉಮೇದುವಾರರು ‘ಮಾಡ್ತೇನಿ’, ‘ಕೊಡಸ್ತೇನಿ’ ಎಂದು ಭವಿಷ್ಯಕಾಲದಲ್ಲಿ ಮಾತು ಕೊಡುತ್ತಿದ್ದರು. ಭವಿಷ್ಯಕಾಲದಲ್ಲಿ ಒಂದು ತೊಂದರೆಯಿದೆ; ‘ಯಾವಾಗ?’ ಎಂದು ಜನ ಕೇಳಬಹುದು. ರಾವಸಾಹೇಬರು ಮಾತು ಕೊಡುತ್ತಿದ್ದದ್ದು ಭೂತಕಾಲದಲ್ಲಿ. “ಆತು ತಗೋರಿ.” ಆಗಿಹೋದದ್ದನ್ನು ಯಾವಾಗ ಎಂದು ಕೇಳುವುದು ಹೇಗೆ? ಇನ್ನೊಂದು ಅನುಕೂಲ: ಈ ಪದಕ್ಕೆ ಕರ್ತೃ ಬೇಕಿಲ್ಲ. ಯಾರು ಮಾಡಿದರು ಎಂದು ಅದು ಹೇಳುವುದೇ ಇಲ್ಲ. ಜನ ಕೈಮುಗಿದು, ಮನೆಗೆ ಹೋಗಿ, ಕೆಲಸ ಆಗಿದೆಯೆಂದೇ ನಂಬಿ ನಿದ್ದೆ ಮಾಡುತ್ತಿದ್ದರು.

ನಾನು ಬಿ.ಎ. ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದೆ. ನಮ್ಮ ತಂದೆಯವರದು ಇಳಕಲ್ಲಿನಲ್ಲಿ ಸೀರೆಯ ಅಂಗಡಿ. ಚುನಾವಣೆಗೆ ನಾಲ್ಕೈದು ತಿಂಗಳಿರುವಾಗ ರಾವಸಾಹೇಬರು ಅಂಗಡಿಯ ಗಾದಿಯ ಮೇಲೆ ಬಂದು ಕೂತರು.

“ನಿಮ್ಮ ಮಗಾ ಧಾರವಾಡದಾಗ ಕಪ್ಪು ಗೆದ್ದಾನಂತಲ್ಲ, ಮಾತಿಗೆ?”

“ಹೌದ್ರಿ” ಎಂದರು ಅಪ್ಪ. “ಮೊದಲ ದಿನಾ ಒಂದ ಕಡಿಂದ ಮಾತಾಡಿದಾ, ಮರುದಿನಾ ಅದರ ಎದುರ ಕಡಿಂದ ಮಾತಾಡಿದಾ. ಎರಡೂ ಗೆದ್ದಾ ನೋಡ್ರಿ.”

ರಾವಸಾಹೇಬರು ನನ್ನನ್ನು ಎತ್ತಿನ ಹಲ್ಲು ನೋಡುವವರಂತೆ ನೋಡಿದರು. “ಎರಡೂ ಕಡಿಂದ ಮಾತಾಡ್ತಾನ? ಇಂಥಾವ ಅಂಗಡ್ಯಾಗ ಯಾಕರೀ? ನನ್ನ ಕೂಡ ಕಳಸ್ರಿ. ಭಾಷಣಾ ಬರೀಲಿ.”

ಹೋದೆ. ಉಬ್ಬಿಯೇ ಹೋದೆ.

ಆ ವರ್ಷ ಮುಂಗಾರು ಮೋಡ ತೋರಿಸಿ ಕೈಕೊಟ್ಟಿತು. ಹಿಂಗಾರು ಮಾತ್ರ ಸರಿಯಾಗಿ ಹಿಡಿಯಿತು. ಹಸ್ತದ ಮಳೆಗೆ ಎರಿ ಹೊಲದ ಕರಿಮಣ್ಣು ಗಾಡಿಯ ಗಾಲಿಯನ್ನು ಹಿಡಿದರೆ ಬಿಡುತ್ತಿರಲಿಲ್ಲ. ಅದರಲ್ಲಿಯೇ ನಮ್ಮ ಸವಾರಿ. ಮತವಿದ್ದವರು ಊರಿಗೆ ಹತ್ತು ಹದಿನೈದು ಜನ, ಸರಕಾರಕ್ಕೆ ಸಾರಾ, ಅಂದರೆ ಭೂಕಂದಾಯ, ಕಟ್ಟುವ ಹೊಲದವರು. ಆದರೆ ಸಭೆಗೆ ಮತವಿಲ್ಲದವರೂ ಬೇಕು, ಇಲ್ಲದಿದ್ದರೆ ಮತವಿದ್ದವರಿಗೆ ದೊಡ್ಡ ಸಭೆಯೆಂದು ಅನಿಸುವುದು ಹೇಗೆ? ಮರೋಳದಲ್ಲಿ, ಹೊಳೆಯ ನೀರು ಮೇಲಿನ ಹೊಲಕ್ಕೆ ಬರಬೇಕು ಎಂದರು. ಆತು ತಗೋರಿ. ಬಾದಾಮಿಯ ಅಂಗಡಿಕಾರರು ಮಂಗಗಳ ಕಾಟ ಹೇಳಿಕೊಂಡರು. ಆತು ತಗೋರಿ. ಅವರು ಹಾಗೆಂದ ಕ್ಷಣದಲ್ಲಿಯೇ ಒಂದು ಮಂಗ ವಾಮನರಾಯನ ಕೈಯಿಂದ ಬಾಳೆಹಣ್ಣು ಕಸಿದುಕೊಂಡು ಹೋಯಿತು. ಬನಶಂಕರಿಯಲ್ಲಿ ರಸ್ತೆ, ಕುಂಕುಮದ ಅಂಗಡಿಗಳಿಗೆ ನೆರಳು, ಎರಡೂ ಆತು.

ಕಲಾದಗಿಯಲ್ಲಿ ಮಾತ್ರ ನನಗೆ ತಡೆಯಲಾಗಲಿಲ್ಲ. ಅಲ್ಲಿ ಹಿಂದೊಮ್ಮೆ ಕಲೆಕ್ಟರನ ಕಚೇರಿ ಇತ್ತು. ಅದು ವಿಜಾಪುರಕ್ಕೆ ಹೋದದ್ದು ನನ್ನಪ್ಪ ಚಿಕ್ಕವರಿದ್ದಾಗ. ಒಬ್ಬ ಮುದುಕರು ಎದ್ದು, “ನಮ್ಮ ಕಲೆಕ್ಟರ ಕಚೇರಿ ನಮಗ ತಿರುಗಿ ಬರಬೇಕ್ರಿ” ಎಂದರು. ರಾವಸಾಹೇಬರು ಕಣ್ಣು ಮಿಟುಕಿಸದೆ, “ಆತು ತಗೋರಿ ಅಜ್ಜಾರ” ಎಂದರು. ಮುದುಕರು ಕಣ್ಣೊರೆಸಿಕೊಂಡರು.

ಗಾಡಿಯಲ್ಲಿ ಕೇಳಿದೆ. “ಕಲೆಕ್ಟರ ಕಚೇರಿ ಹ್ಯಾಂಗ ತರ್ತೀರಿ?”

“ತರ್ತೇನಿ ಅಂತ ಎಲ್ಲಿ ಅಂದ್ನೋ?”

“ಆತು ಅಂದ್ರೆಲ್ಲರಿ.”

“ಅವ ಹೇಳೂದ ಆತು. ನಾ ಕೇಳೂದೂ ಆತು. ಇನ್ನೇನ ಆಗಬೇಕಲೇ?” ಎಂದು ಹೊಟ್ಟೆ ಕುಲುಕಿಸಿ ನಕ್ಕರು. ನಾನೂ ನಕ್ಕೆ. ಅದನ್ನು ಮುಚ್ಚಿಡುವುದಿಲ್ಲ. ಚರ್ಚಾಕೂಟದಲ್ಲಿ ಚತುರ ಜವಾಬಿಗೆ ಚಪ್ಪಾಳೆ ತಟ್ಟಿ ರೂಢಿಯಾದವನು. ಆ ಜವಾಬಿನ ಕೆಳಗೆ ಒಬ್ಬ ಮುದುಕ ಇದ್ದಾನೆಂಬುದು ಹೊಳೆಯಲಿಲ್ಲ.

ಹೊಳೆಸಿದವರು ಹುಸೇನಸಾಬರು.

ಇಳಕಲ್ಲಿನ ಹಳ್ಳದ ದಂಡೆಯಲ್ಲಿ ನೂಲಿಗೆ ಬಣ್ಣ ಹಾಕುವ ಎಂಟು ಮನೆಗಳಿದ್ದವು. ಚಂದ್ರಕಾಳಿ ಸೀರೆಯ ಆ ಕಪ್ಪುನೀಲಿ ಮೈ ಹುಟ್ಟುವುದು ಅವರ ಅಂಗಳದಲ್ಲಿ. ಕೊರಳವರೆಗೆ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಹರವಿಗಳು. ಅದರಲ್ಲಿ ನೂಲಿನ ಲಡಿ ಅದ್ದಿ ತೆಗೆದರೆ ಹಸಿರಾಗಿ ಬರುತ್ತದೆ, ಗಾಳಿ ತಾಗಿದಂತೆ ನೋಡನೋಡುತ್ತ ನೀಲಿಯಾಗುತ್ತದೆ. ಹುಸೇನಸಾಬರು ಆ ಎಂಟು ಮನೆಗೆ ಹಿರಿಯರು. ಮೊಣಕೈವರೆಗೆ ಎರಡೂ ಕೈ ನೀಲಿ. ಅವರ ಮನೆ ಮತ್ತು ನಮ್ಮ ಅಂಗಡಿ ಎರಡು ತಲೆಮಾರಿನ ವ್ಯವಹಾರ. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಅವರಿಗೆ ಮತ ಇರಲಿಲ್ಲ. ಇದ್ದಿದ್ದರೂ ಮುಸಲ್ಮಾನರ ಮತ ಬೇರೆ ಪೆಟ್ಟಿಗೆಯದು, ಅವರು ಆರಿಸುವ ಮೆಂಬರನೇ ಬೇರೆ. ರಾವಸಾಹೇಬರಿಗೆ ಅದರಿಂದ ಕಾಸಿನ ಉಪಯೋಗವಿಲ್ಲ.

ಆ ಎಂಟು ಮನೆಗೂ ಒಂದು ನೋಟೀಸು ಬಂತು. ನಾತದ ಕಸುಬು ಊರಿನ ಆರೋಗ್ಯಕ್ಕೆ ಬಾಧಕ, ಜಾಗ ತೆರವು ಮಾಡಿ ಊರಾಚೆ ಹೋಗಬೇಕು, ತಕರಾರು ಇದ್ದವರು ಬೇಸ್ತವಾರ ಹುನಗುಂದದ ಬಂಗಲೆಯಲ್ಲಿ ಪ್ರಾಂತ ಸಾಹೇಬರ ಎದುರು ಖುದ್ದು ಹಾಜರಾಗಬೇಕು. ಹುಸೇನಸಾಬರು ಅದನ್ನು ಹಿಡಿದುಕೊಂಡು ನಮ್ಮ ಅಂಗಡಿಯ ಮಾಳಿಗೆಗೆ ಬಂದರು. ರಾವಸಾಹೇಬರ ಬಿಡಾರ ಅಲ್ಲಿತ್ತು.

“ಸಾಹೇಬರ, ಹಳ್ಳದ ದಂಡಿ ಬಿಡ್ರಿ ಅಂತಾರ್ರಿ. ಅಲ್ಲಿ ಬಾವಿ ನೀರ ಬಿಟ್ರ ನೀಲಿ ಹಿಡಿಯಂಗಿಲ್ರಿ. ಅವ್ರ ಕೊಡೂ ಜಾಗಾದಾಗ ಸವಳ ನೀರು. ಹ್ವಾದ್ರ ಎಂಟೂ ಮನಿ ಕಸಬು ಸತ್ತ ಹೋಗ್ತೈತ್ರಿ.”

ರಾವಸಾಹೇಬರು ಎಲೆಗೆ ಸುಣ್ಣ ಸವರುತ್ತಿದ್ದರು. “ಆತು ತಗೋ ಹುಸೇನಾ.”

“ಅಂದ್ರ... ಬೇಸ್ತವಾರ ನಾವು ಹುನಗುಂದಕ್ಕ ಹೋಗೂದ ಬ್ಯಾಡೇನ್ರಿ?”

“ಆತು ಅಂದ್ನೆಲ್ಲೋ. ಎಷ್ಟ ಸಲಾ ಅನ್ನಸ್ತಿ?” ಎಂದವರೇ ನನ್ನ ಕಡೆ ತಿರುಗಿದರು. “ನೀ ಒಂದ ಛಲೋ ಅರ್ಜಿ ಬರಿ. ಸಾಹೇಬಗ ನಾನ ಕೊಡ್ತೇನಿ.”

ಬರೆದೆ. ಇಂಗ್ಲೀಷಿನಲ್ಲಿ, ಮೂರು ಪುಟ. ಕಸುಬು ಹಳೆಯದು, ಊರು ಆಮೇಲೆ ಬೆಳೆದದ್ದು ಎಂಬುದು ಮೊದಲ ಕಾರಣ. ನೀರಿನ ಗುಣ ಎರಡನೆಯದು. ಬಣ್ಣ ನಿಂತರೆ ಮಗ್ಗವೂ ನಿಲ್ಲುತ್ತದೆ ಎಂಬುದು ಮೂರನೆಯದು. ನಾನೇ ಎದುರಾಳಿಯಾಗಿ ಮೂರಕ್ಕೂ ಜವಾಬು ಹುಡುಕಿದೆ, ಸಿಗಲಿಲ್ಲ. ರಾವಸಾಹೇಬರು ಅದನ್ನು ಮಡಚಿ ಕೋಟಿನ ಒಳಜೇಬಿಗೆ ಹಾಕಿಕೊಂಡು ಮೇಲಿಂದ ತಟ್ಟಿದರು.

ಬುಧವಾರ ಕಾಕಾನ ಮನೆಗೆ ಹೋದಾಗ ಅವರ ಹೆಂಡತಿ ಫಾತಿಮಾಬಿ ಹರವಿಯ ಮುಚ್ಚಳ ತೆಗೆದು ನೊರೆ ನೋಡುತ್ತಿದ್ದಳು. ಮೂರು ದಿನದ ಮಳೆ ನಿಂತು ಬಿಸಿಲು ಬಿದ್ದಿತ್ತು. ಒಣಗಿಸಬೇಕಾದ ನೂಲು ಮನೆ ತುಂಬ ಇತ್ತು.

“ಆತು ಅಂದ್ರ ಆತೇನಪಾ?” ಎಂದರು ಹುಸೇನಸಾಬರು. “ನೀ ಓದಿದಾವ, ಹೇಳು.”

“ಅರ್ಜಿ ನಾನ ಬರದೇನಿ ಕಾಕಾ. ಅದಕ್ಕ ಜವಾಬ ಕೊಡಾವ್ರ ಇಲ್ಲ. ನೀವು ಹೋಗೂದ ಬ್ಯಾಡ.”

ಫಾತಿಮಾಬಿ ತಲೆ ಎತ್ತದೆ ಅಂದಳು: “ಹೋಗಿ ನಿಂತ ಬಂದ್ರ ಇವ್ರ ಕಾಲೇನ ಸವೀತಾವೇನು?”

“ಬಿಸಲ ಬಿದ್ದೈತಲ್ಲ, ನೂಲ ಹಾಕೂಣು. ಹುಡುಗ ಹೇಳಾಕತ್ತಾನ” ಎಂದರು ಹುಸೇನಸಾಬರು.

ಬೇಸ್ತವಾರ ರಾವಸಾಹೇಬರ ಜೊತೆ ನಾನು ಹುನಗುಂದದಲ್ಲಿದ್ದೆ. ಬಂಗಲೆಯ ಪಡಸಾಲೆಯಲ್ಲಿ ಪ್ರಾಂತ ಸಾಹೇಬ, ಅಂದರೆ ಕಲೆಕ್ಟರನ ಕೈಕೆಳಗಿನ ಅಧಿಕಾರಿ, ಕೂತಿದ್ದ. ಹೊಸದಾಗಿ ಬಂದ ಇಂಗ್ಲಿಷಿನವನು, ಮೈಸೂರ ಕಡೆಯ ಮುನ್ಷಿಯೊಬ್ಬ ಪುಸ್ತಕದಿಂದ ಕಲಿಸಿದ ಕನ್ನಡ. ರಾವಸಾಹೇಬರಿಗೆ ಪಕ್ಕದಲ್ಲಿಯೇ ಕುರ್ಚಿ. ಪಟ್ಟೆವಾಲಾ ಮೆಟ್ಟಿಲ ಮೇಲೆ ನಿಂತು ಕೂಗಿದ: “ಇಳಕಲ್ಲ ಹಳ್ಳದ ದಂಡಿ ಬಣ್ಣದವ್ರು! ತಕರಾರು ಇದ್ದಾವ್ರು ಯಾರ ಅದೀರಿ?” ಒಂದು ಸಲ. ನಾನು ರಾವಸಾಹೇಬರ ಕೈ ನೋಡಿದೆ. ಎರಡನೆಯ ಸಲ. ಕೈ ಜೇಬಿಗೆ ಹೋಗಲಿಲ್ಲ. ಮೊಣಕಾಲ ಮೇಲೆ ಆರಾಮಾಗಿ ತಾಳ ಹಾಕುತ್ತಿತ್ತು. ಮೂರನೆಯ ಸಲ ಕೂಗಿದಾಗ ನಾನು ಎದ್ದು ನಿಂತೆ.

“ತಾವು ಆ ಸ್ಥಳದ ಹಕ್ಕುದಾರರೋ?” ಎಂದು ಸಾಹೇಬ ಕೇಳಿದ.

“ಅಲ್ಲ.”

“ಅವರು ತಮಗೆ ಅಧಿಕಾರಪತ್ರವನ್ನು ಕೊಟ್ಟಿರುವರೋ?”

“ಇಲ್ಲ. ಆದರೆ—”

“ಹಾಗಾದರೆ ತಾವು ದಯಮಾಡಿ ಕುಳಿತುಕೊಳ್ಳತಕ್ಕದ್ದು.” ಆತ ತಪ್ಪು ಮಾಡಲಿಲ್ಲ, ಕಾಯಿದೆ ಹಾಗೆಯೇ ಇದೆ. ಆಮೇಲೆ ರಾವಸಾಹೇಬರ ಕಡೆ ತಿರುಗಿ ಅವರ ಅಭಿಪ್ರಾಯ ಕೇಳಿದ.

“ಅವ್ರು ಬರಲಿಲ್ಲ ಅಂದ್ರ ಒಪ್ಪಿಧಂಗನ ಆತಲ್ರಿ ಸಾಹೇಬರ” ಎಂದರು ರಾವಸಾಹೇಬರು.

ಹೊರಗೆ ಬಂದ ಮೇಲೆ ನನ್ನ ಅರ್ಜಿ ಕೇಳಿದೆ. ಒಳಜೇಬಿನಿಂದ ತೆಗೆದು ಕೊಟ್ಟರು, ಬೆವರಿಗೆ ಮೆತ್ತಗಾಗಿತ್ತು.

“ಭಾಳ ಛಲೋ ಬರದಿ ನೋಡು. ವಾಮನರಾಯ ಓದಿ ಹೇಳಿದಾ. ಇದನ್ನ ಕೊಟ್ಟಿದ್ರ ಸಾಹೇಬ ಒಪ್ಪೇ ಬಿಡ್ತಿದ್ದಾ. ಮತ್ತ ನಮ್ಮ ಅಳಿಯಾ ಅರಳಿ ಬಿಡಸೂ ಜಿನ್ನಿನ ಕಾರಖಾನಿ ಹಳ್ಳದ ದಂಡಿ ಬಿಟ್ಟು ಇನ್ನೆಲ್ಲಿ ಕಟ್ಟಬೇಕು?”

“ಹುಸೇನಸಾಬಗ ಆತು ಅಂದಿದ್ರಿ!”

“ಅಂದಿದ್ದೆ. ಆತಲ್ಲ?”

ಸುಳ್ಳುಗಾರನಿಗೆ ಒಂದು ಮರ್ಯಾದೆ ಇರುತ್ತದೆ. ಸಿಕ್ಕಿಬಿದ್ದಾಗ ಮುಖ ಕೆಡುತ್ತದೆ. ಈ ಮನುಷ್ಯನ ಮುಖ ಕೆಡಲಿಲ್ಲ. ಬಜಾರದ ಸಭೆಗೆ ತಡವಾಗುತ್ತದೆ, ಗಾಡಿ ಹತ್ತು ಎಂದರು. ನಾನು ಹತ್ತಲಿಲ್ಲ. ಇಳಕಲ್ಲಿಗೆ ನಡೆದೇ ಹೊರಟೆ. ದಾರಿಯಲ್ಲಿ ಬಿಳಿಜೋಳ ಬಿತ್ತುವವರ ಹಾಡು ಕೇಳುತ್ತಿತ್ತು. ಕಾಲಿಗೆ ಎರಿಮಣ್ಣು ಮೆತ್ತಿ ಮೆತ್ತಿ ಒಂದೊಂದು ಹೆಜ್ಜೆಗೂ ಕೆರ ಭಾರವಾಗುತ್ತಿತ್ತು.

ನಡೆದದ್ದನ್ನು ಕೇಳಿಸಿಕೊಂಡ ಹುಸೇನಸಾಬರು ಒಣಗಿದ ನೂಲಿನ ಲಡಿ ಮಡಚತೊಡಗಿದರು. ಫಾತಿಮಾಬಿ ನನ್ನ ಕಡೆ ತಿರುಗಿದಳು.

“ಎರಡೂ ಕಡಿಂದ ಮಾತಾಡ್ತಾನ ಅಂತ ನಿಮ್ಮಪ್ಪ ಓಣಿ ತುಂಬ ಹೇಳ್ಕೋತ ತಿರಗತಾನ. ಯಾವ ಎರಡ ಕಡೆಪಾ ಅವು? ನಮ್ಮದೊಂದ ಕಡೆ ಐತಿ, ಅದರಾಗ ಬರ್ತೈತೋ ಇಲ್ಲೋ?”

ಮನೆಗೆ ಬಂದು ಕಾಯಿದೆಯ ಪುಸ್ತಕ ತೆರೆದು ಕೂತೆ. ಕಾಯಿದೆಯಲ್ಲಿ ಒಂದು ಸಣ್ಣ ಬಾಗಿಲು ಇತ್ತು: ಯಾರದೋ ಮೋಸದ ಮಾತು ನಂಬಿ ಹಾಜರಾಗದೆ ಉಳಿದವರು ಮತ್ತೊಮ್ಮೆ ವಿಚಾರಣೆ ಬೇಡಬಹುದು. ಆದರೆ ಮೋಸದ ಮಾತು ಆಡಿದವನೊಬ್ಬ ಮುಂದೆ ಬಂದು ನಾನು ಆಡಿದೆ ಎನ್ನಬೇಕು. ರಾವಸಾಹೇಬರು ಅನ್ನುವುದಿಲ್ಲ. ಉಳಿದವನು ನಾನು. ‘ರಾವಸಾಹೇಬರ ಬರಹಗಾರನಾದ ನಾನು ಇವರಿಗೆ ಹೋಗುವುದು ಬೇಡವೆಂದು ಹೇಳಿದೆ’ ಎಂದು ಬರೆದು ರುಜು ಹಾಕಿದೆ. ಅಪ್ಪ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ, “ಬರಿಯೂದ ಬರದಿ, ಅಕ್ಷರರೆ ನೆಟ್ಟಗ ಬರಿ” ಎಂದು ಕಾಗದ ತಿರುಗಿ ಕೊಟ್ಟರು. ಅದನ್ನೇ ನಾನು ಒಪ್ಪಿಗೆಯೆಂದು ತಿಳಿದೆ.

ಪ್ರಾಂತ ಸಾಹೇಬ ಮರುವಿಚಾರಣೆಗೆ ಒಪ್ಪಿದ. ಇಳಕಲ್ಲಿಗೇ ಬಂದು, ಬೇವಿನ ಗಿಡದ ಕೆಳಗೆ ಮೇಜು ಹಾಕಿಸಿದ. ಮತದಾನಕ್ಕೆ ಹದಿನೈದು ದಿನ ಉಳಿದಿತ್ತು. ಎದುರಾಳಿಯಾಗಿ ನಿಂತಿದ್ದ ಬಾಗಲಕೋಟೆಯ ವಕೀಲರು ಈ ಸುದ್ದಿಯನ್ನು ಸಭೆಗಳಲ್ಲಿ ಆಡತೊಡಗಿದ್ದರು. ನೇಕಾರರೆಲ್ಲ ಮಗ್ಗ ಬಿಟ್ಟು ಬಂದು ನೆರೆದಿದ್ದರು. ರಾವಸಾಹೇಬರು ಬರದೆ ಗತಿಯಿರಲಿಲ್ಲ.

“ತಾವು ಏತಕ್ಕೆ ಹಾಜರಾಗಲಿಲ್ಲ?” ಎಂದು ಸಾಹೇಬ ಹುಸೇನಸಾಬರನ್ನು ಕೇಳಿದ.

“ರಾವಸಾಹೇಬ್ರು ಆತು ಅಂದ್ರಿ.”

ಸಾಹೇಬ ಪೆನ್ನು ನಿಲ್ಲಿಸಿದ. “ಆತು. ಇದು ಭೂತಕಾಲವಲ್ಲವೇ?”

“ಹೌದ್ರಿ” ಎಂದ ಶಿರಸ್ತೇದಾರ.

“ಏನು ಆಗಿತ್ತು?”

“ಏನೂ ಆಗಿರಲಿಲ್ರಿ.”

“ಯಾರು ಮಾಡಿದ್ದರು?”

“ಯಾರೂ ಇಲ್ರಿ.”

ಸಾಹೇಬ ಆ ಶಬ್ದವನ್ನು ತನ್ನ ಪುಸ್ತಕದ ಅಂಚಿನಲ್ಲಿ ಬರೆದುಕೊಂಡು, ರಾವಸಾಹೇಬರನ್ನು ಕೇಳಿದ. “ತಾವು ಹಾಗೆ ನುಡಿದಿರೋ?”

“ಸಾಹೇಬರ, ದಿನಾ ಸಾವಿರ ಮಂದಿ ಬರ್ತಾರ. ಆತು ಅನ್ನೂದು ನಮ್ಮ ಕಡೆ ‘ಹೂಂ’ ಅಂಧಂಗ.”

ನೇಕಾರರಲ್ಲಿ ಗುಜುಗುಜು ಎದ್ದಿತು. ಹಿಂದಿನಿಂದ ಯಾರೋ, “ಹಂಗಾದ್ರ ಓಟಿಗೂ ಹೂಂ ಅಂತೇವ್ರಿ!” ಎಂದು ಕೂಗಿದರು. ರಾವಸಾಹೇಬರ ಕಿವಿ ಇಂಥ ಸದ್ದಿಗೆ ಬಹಳ ಚುರುಕು. ತಟ್ಟನೆ ಎದ್ದು, ಎದೆಯ ಮೇಲೆ ಕೈಯಿಟ್ಟು, ಸಭೆಯ ದನಿಯಲ್ಲಿ ಶುರುಮಾಡಿದರು: “ಬಡವ್ರ ಹೊಟ್ಟಿ ಮ್ಯಾಲ ಹೊಡೀಬಾರದ್ರಿ ಸಾಹೇಬರ! ನನ್ನ ಮಾತ ಕೇಳ್ರಿ. ಈಗಿದ್ದ ಹರವಿ ತೀರೂತನಾ ಇವ್ರು ಇಲ್ಲೇ ಇರಲಿ. ತೀರಿದ ಮ್ಯಾಲ ಹೊಸಾ ಹರವಿ ಹೂಡೂದ ಬ್ಯಾಡ. ಆವಾಗ ಹ್ವಾದ್ರಾತು. ಇದಕ್ಕಿಂತ ನ್ಯಾಯ ಇನ್ನೇನೈತಿ?”

ಪಕ್ಕದಲ್ಲಿ ನಿಂತಿದ್ದ ಅವರ ಅಳಿಯ ಮುಖ ಗಂಟಿಕ್ಕಿದ. ರಾವಸಾಹೇಬರು ಅವನ ಕಡೆ ಬಾಗಿ, “ಒಂದ ತಿಂಗಳ ತಡಿಯೋ” ಎಂದದ್ದು ಮುಂದೆ ನಿಂತಿದ್ದ ನನಗೆ ಕೇಳಿಸಿತು. ಸಾಹೇಬನಿಗೂ ಈ ರಾಜಿ ಹಿಡಿಸಿತು. ಈಗ ಇರುವ ಹರವಿಗಳು ತೀರುವತನಕ ಎಂದು ತನ್ನ ಕೈಯಾರೆ ಬರೆದು, “ಇದು ತಮಗೆ ಸಮ್ಮತವೋ?” ಎಂದು ಹುಸೇನಸಾಬರನ್ನು ಕೇಳಿದ.

ಹುಸೇನಸಾಬರು ನೆಲ ನೋಡುತ್ತಿದ್ದರು. ನನಗೆ ಮೈ ಉರಿಯಿತು. ಒಂದು ತಿಂಗಳು! ಇದು ರಾಜಿಯೇ? ಬಾಯಿ ತೆರೆದೆ, ಮೊದಲ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ಹೆಂಗಸರ ನಡುವಿನಿಂದ ಫಾತಿಮಾಬಿಯ ದನಿ ಬಂತು: “ತಮ್ಮಾ, ನೀ ಭಾಳ ಮಾತಾಡಿದಿ. ನೀರ ಕುಡಿ.”

ಆ ದನಿಯಲ್ಲಿ ಏನೋ ಇತ್ತು. ಬಾಯಿ ಮುಚ್ಚಿದೆ.

“ಒಪ್ಪಿಗಿ ಐತ್ರಿ” ಎಂದರು ಹುಸೇನಸಾಬರು. ಎಂಟು ಮನೆಯವರೂ ಹೆಬ್ಬೆಟ್ಟು ಒತ್ತಿದರು. ನೀಲಿ ಬೆರಳಿಗೆ ಶಾಯಿ ಬೇಕಾಗಲಿಲ್ಲವೆಂದು ಶಿರಸ್ತೇದಾರ ನಗೆಯಾಡಿದ.

ಸಾಹೇಬನ ಕುದುರೆ ಮರೆಯಾದ ಮೇಲೆ ನಾನು ಫಾತಿಮಾಬಿಯ ಮೇಲೆ ಹರಿಹಾಯ್ದೆ. “ತಿಂಗಳದಾಗ ತೀರ್ತಾವಲ್ಲ ಕಾಕು, ಆಮ್ಯಾಲ?”

“ಏನ ತೀರ್ತಾವು?”

“ಹರವಿ.”

ಆಕೆ ನನ್ನನ್ನು ಅಂಗಳಕ್ಕೆ ಕರೆದೊಯ್ದು ಎಲ್ಲಕ್ಕಿಂತ ಹಳೆಯ ಹರವಿಯ ಮುಚ್ಚಳ ಸರಿಸಿದಳು. “ಇದನ್ನ ನಮ್ಮತ್ತಿ ಹೂಡಿದ್ದು. ನಾ ಮದಿವ್ಯಾಗಿ ಬರೂದಕ್ಕಿಂತಾ ಮೊದಲ. ಇದರಾಗಿನ ನೀರ ಚೆಲ್ಲಂಗಿಲ್ಲ. ದಿನಾ ಬಣ್ಣಾ ತಗೀತೇವಿ, ದಿನಾ ಈಟ ಸುಣ್ಣಾ, ಈಟ ಬೆಲ್ಲಾ, ಈಟ ನೀಲಿ ಉಣಸತೇವಿ. ಉಣಸೂತನಾ ಇರ್ತೈತಿ. ಇದೇನ ಉಪ್ಪಿನಕಾಯಿ ಗಡಗೀನು, ತಿಂದ ತೀರಸಾಕ?”

ನಾನು ಹರವಿಯನ್ನೂ ಆಕೆಯನ್ನೂ ನೋಡಿದೆ. “ಹಂಗಾದ್ರ ಆ ಹುಕುಂ...”

“ತೀರೂತನಾ ಅಂತ ಐತಿ. ನೀನ ಓದಿಲ್ಲೇನು?”

ಎರಡೂ ಕಡೆಯಿಂದ ವಾದ ಮಾಡಿ ಗೆಲ್ಲುವ ನಾನು, ಮೂರು ಕಾರಣ ಕಟ್ಟುವ ನಾನು, ಕಾಯಿದೆಯ ಬಾಗಿಲು ಹುಡುಕಿದ ನಾನು, ‘ತೀರುವತನಕ’ ಎಂಬ ಒಂದು ಶಬ್ದ ಕಣ್ಣೆದುರಿಗೇ ಕಾಗದಕ್ಕೆ ಬಿದ್ದದ್ದನ್ನು ಕಾಣಲಿಲ್ಲ. ಬಾಯಿ ತೆರೆದಿದ್ದರೆ ಅದನ್ನು ಅಳಿಸಿಯೇ ಬಿಡುತ್ತಿದ್ದೆ. ರಾವಸಾಹೇಬರ ವಿಷಯ ಹೇಳುವುದೇ ಬೇಡ. ಹುಟ್ಟಿದಾರಭ್ಯ ಆ ನೂಲಿನ ಸೀರೆಗಳ ನಡುವೆ ಬೆಳೆದು, ಹರವಿಯೊಳಗೆ ಒಂದು ಸಲವೂ ಬಗ್ಗಿ ನೋಡದ ಮನುಷ್ಯ.

ಇದನ್ನು ಈಗ ಬರೆಯಬಹುದು. ಅಳಿಯ ಎರಡು ವರ್ಷ ಕಾದು ಬೇಸತ್ತು ಬಾಗಲಕೋಟೆಯಲ್ಲಿ ರೈಲಿನ ಹತ್ತಿರ ಜಿನ್ನು ಕಟ್ಟಿಕೊಂಡ. ಹಳ್ಳದ ದಂಡೆಯ ಆಸೆ ಈಗ ಯಾರಿಗೂ ಇಲ್ಲ. ರಾವಸಾಹೇಬರು ಓದಿ ಸಿಟ್ಟಾಗುತ್ತಾರೆಂಬ ಹೆದರಿಕೆಯೂ ಇಲ್ಲ, ಅವರು ಓದುವುದಿಲ್ಲ. ಕೌನ್ಸಿಲ್ಲಿನಲ್ಲಿ ಈವರೆಗೆ ಎದ್ದು ನಿಂತದ್ದು, ಕಿಟಕಿ ಮುಚ್ಚಿರಿ, ಗಾಳಿ ಬರುತ್ತದೆ ಎಂದು ಹೇಳಲಿಕ್ಕೆ ಒಂದೇ ಸಲ ಎಂದು ಮುಂಬಯಿಯಿಂದ ಬಂದವರು ಹೇಳುತ್ತಾರೆ.

ಹೌದು, ಆರಿಸಿ ಬಂದರು. ಬಾಗಲಕೋಟೆಯ ವಕೀಲರು ಭವಿಷ್ಯಕಾಲದಲ್ಲಿಯೇ ಉಳಿದರು. ಗೆದ್ದ ಎಂಟನೆಯ ದಿನಕ್ಕೆ ಇಳಕಲ್ಲಿನಲ್ಲಿ ಸತ್ಕಾರ ಸಮಾರಂಭ. ಬೆಳಗಿನ ಎಳೆಬಿಸಿಲು, ಚಳಿ ಶುರುವಾಗಿತ್ತು. ವೇದಿಕೆಯ ಮೇಲೆ ಪ್ರಾಂತ ಸಾಹೇಬನಿಗೂ ಕುರ್ಚಿ. ಮುಂದಿನ ಸಾಲಿನಲ್ಲಿ ಅಳಿಯ. ನಾನು ಬದಿಗೆ, ಅಪ್ಪನ ಜೊತೆ. ನನ್ನನ್ನು ಕಂಡ ರಾವಸಾಹೇಬರು ಬಂದು ಹೆಗಲ ಮೇಲೆ ಕೈ ಹಾಕಿದರು. “ನನ್ನ ಎದುರ ನಿಂತು ಚಂದ ಮಾತಾಡಿದಿ. ಸಿಟ್ಟಿಲ್ಲ ನನಗ. ಮುಂಬಯಿಗೆ ಬರ್ತಿಯೇನು?” ಅವರಿಗೆ ನಿಜವಾಗಿಯೂ ಸಿಟ್ಟಿರಲಿಲ್ಲ. ಸಿಟ್ಟು ಬರಬೇಕಾದರೆ, ಏನೋ ನಡೆದಿದೆ ಎಂದು ಮೊದಲು ಅನಿಸಬೇಕು.

ಆಮೇಲೆ ಭಾಷಣ. ತಾನು ಮಾಡಿದ ಕೆಲಸಗಳ ಪಟ್ಟಿ. ಮರೋಳದ ನೀರು ಬಂತು, ಬಾದಾಮಿಯ ಮಂಗ ಹೋದವು. ಕೊನೆಗೆ ದನಿ ಎತ್ತರಿಸಿ, “ನಿಮ್ಮೂರ ಎಂಟ ಮನಿ ಬಣ್ಣದವ್ರ ಹರವಿ ಉಳಿಸಿದಾಂವ ಯಾರು?” ಎಂದರು. “ಹುಸೇನಾ, ಬಾರೋ ಮ್ಯಾಲೆ! ನೀನ ಹೇಳು!”

ಹುಸೇನಸಾಬರು ಮೆಟ್ಟಿಲು ಹತ್ತಿದರು. ವಾಮನರಾಯ ಅವರ ನೀಲಿ ಕೈಗೆ ಹಾರ ಕೊಟ್ಟ.

ನನ್ನ ಬಾಯಲ್ಲಿ ಎರಡೇ ವಾಕ್ಯ ಇದ್ದವು. ಈ ಮನುಷ್ಯ ಅವರನ್ನು ಹೊರಹಾಕಲು ಹೊರಟಿದ್ದ. ಹರವಿ ಎಂದರೇನೆಂದು ತಿಳಿಯದ್ದರಿಂದ ಉಳಿಸಿಬಿಟ್ಟ. ಎರಡು ವಾಕ್ಯ, ಸಭೆಯಿಡೀ ನಕ್ಕು ಅವನ ಹಾರ ಉದುರುತ್ತಿತ್ತು. ಅಷ್ಟು ಖಚಿತವಾಗಿ ಗೆಲ್ಲುವ ವಾದ ನನ್ನ ಜೀವಮಾನದಲ್ಲಿ ಇನ್ನೊಂದು ಸಿಕ್ಕಿಲ್ಲ. ಆದರೆ ಅಳಿಯನಿಗೆ ಕಿವಿಯಿತ್ತು, ಸಾಹೇಬನ ಬಳಿ ಪೆನ್ನಿತ್ತು. ಹುಸೇನಸಾಬರು ವೇದಿಕೆಯ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ನಾನು ಕೈಕಟ್ಟಿಕೊಂಡು ಕೂತೆ.

ಅವರು ಹಾರ ಹಾಕಿ, ಸಭೆಯ ಕಡೆ ತಿರುಗಿ, ನಿಧಾನವಾಗಿ ಅಂದರು: “ಸಾಹೇಬ್ರ ಉಪಕಾರ ಎಂದೂ ತೀರೂದಲ್ರಿ. ದಿನಾ ಮುಂಜಾನೆ ಹರವಿ ಮುಚ್ಚಳಾ ತಗದಾಗ ನೆನಸ್ತೇವ್ರಿ.”

ಮೊದಲು ಹೆಂಗಸರ ಸಾಲಿನಲ್ಲಿ ಫಾತಿಮಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಎಂಟೂ ಮನೆಯವರು, ಆಮೇಲೆ ಅವರ ನೂಲು ನೇಯುವ ಓಣಿಯವರು, ಕಣ್ಣಲ್ಲಿ ನೀರು ಬರುವಂತೆ ನಕ್ಕು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ರಾವಸಾಹೇಬರು ಎರಡೂ ಕೈ ಎತ್ತಿ ನಮಸ್ಕಾರ ಮಾಡುತ್ತ ಬಂದು, ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು:

“ಯಾಕಲೇ, ಇಷ್ಟ್ಯಾಕ ನಗಾಕತ್ತಾರ ಇವ್ರು?”

“ಸಂತೋಷಕ್ಕರೀ” ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.